ಹೊರಗಿನ ಬೆಂಚು

ನೊಲ್ಸೊಯ್ ದ್ವೀಪದಿಂದ ತೋರ್ಸ್‌ಹಾವ್ನ್‌ಗೆ
ದೋಣಿಯಲ್ಲಿ ಇಪ್ಪತ್ತು ನಿಮಿಷ.
ಒಳಗೆ ಬೆಚ್ಚನೆಯ ಕೋಣೆ, ಕಾಫಿ, ಒದ್ದೆ ಉಣ್ಣೆಯ ವಾಸನೆ,
ಯಾರದೋ ಮಗುವಿನ ಗೊರಗೊರ ಕೆಮ್ಮು.
ನಾನು ಹೊರಗಿನ ಬೆಂಚಿನಲ್ಲಿ,
ಟೋಪಿಯ ಮೇಲೆ ಟೋಪಿ.
ಪ್ರವಾಸಿಯೊಬ್ಬ ಕೇಳಿದ: ಸಮುದ್ರವೆಂದರೆ ಅಷ್ಟೊಂದು ಪ್ರೀತಿಯೇ?
ಹೌದೆಂದೆ.
ಎಲ್ಲರಿಗೂ ಎಲ್ಲವನ್ನೂ ಹೇಳುತ್ತ ಕೂರಲಾಗುವುದಿಲ್ಲ.

ನನ್ನ ಬಲ ಕಿಬ್ಬೊಟ್ಟೆಯಲ್ಲಿ ಅಣ್ಣನ ಕಿಡ್ನಿ ಇದೆ.
ಆರು ವರ್ಷದಿಂದ ಬಿಡಾರ.
ಬಂದವನು ನೆಂಟನೆಂದು ಮೈಗೆ ಇನ್ನೂ ನಂಬಿಕೆಯಿಲ್ಲ;
ಅದಕ್ಕೇ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ
ಕಾವಲುಗಾರರಿಗೆ ನಿದ್ದೆ ಬರಿಸುವ ಮಾತ್ರೆ.
ಅವರು ಮಲಗಿದರೆ ನೆಂಟ ಬದುಕುತ್ತಾನೆ.
ಅವರು ಮಲಗಿದರೆ
ಬಾಗಿಲು ತೆರೆದೇ ಇರುತ್ತದೆ.

ಡಾಕ್ಟರು ಕೊಟ್ಟ ಪಟ್ಟಿ ಫ್ರಿಜ್ಜಿನ ಮೇಲಿದೆ.
ಬೆಕ್ಕಿನ ಮಣ್ಣು ಮುಟ್ಟಬಾರದು. ಆಲೂಗಡ್ಡೆ ಕೀಳುವಾಗ ಕೈಗವಸು.
ಹಸಿ ಮೊಟ್ಟೆ ಬೇಡ. ಚಕ್ಕೋತ ಬೇಡವೇ ಬೇಡ.
ಗಾಳಿಗೆ ಮರವೇ ನಿಲ್ಲದ ದ್ವೀಪವಿದು, ಮಾರಾಯರೆ,
ಚಕ್ಕೋತಕ್ಕೆ ಎಲ್ಲಿಗೆ ಹೋಗಲಿ!
ಆದರೂ ಬೇಡವೆಂದ ಮೇಲೆ, ಒಮ್ಮೆ,
ಕನಸಿನಲ್ಲಿ ಒಂದನ್ನು ಸುಲಿದು ತಿಂದೆ.

ಸೋಂಕು ಎಂದರೆ ಒಂದು ಕಾಲಕ್ಕೆ ಬರೀ ಮುಟ್ಟುವುದಾಗಿತ್ತು.
ನೂಲುವಾಗ ಉಣ್ಣೆ ಬೆರಳಿಗೆ ಸೋಂಕುತ್ತಿತ್ತು,
ಕುಣಿತದ ಸಾಲಿನಲ್ಲಿ ಪಕ್ಕದವನ ಬೆವರು ಅಂಗೈಗೆ.
ಈಗ ಆ ಮಾತು ಒಂದೇ ಅರ್ಥ ತೊಟ್ಟುಕೊಂಡು ಬರುತ್ತದೆ,
ಆಸ್ಪತ್ರೆಯ ನಿಲುವಂಗಿಯಂತೆ, ಬೆನ್ನ ಕಡೆ ಗಂಟು.

ಅಂಗಡಿಗೆ ನಾನು ಮುಚ್ಚುವ ಹೊತ್ತಿಗೆ ಹೋಗುತ್ತೇನೆ.
ನಮ್ಮ ಬಂಡೆಗಳ ಸಂದಿನಲ್ಲಿ ಒಂದು ಪುಟ್ಟ ಕಡಲಹಕ್ಕಿ ಉಂಟು,
ಹಗಲಲ್ಲಿ ಗೂಡಿಗೆ ಬಾರದು, ಕೊಕ್ಕೆಮೂತಿಯ ದೊಡ್ಡವರ ಭಯ.
ಕತ್ತಲಾದ ಮೇಲೆ ಬಾವಲಿಯಂತೆ ತೊನೆಯುತ್ತ ಬರುತ್ತದೆ.
ಅಂಗಡಿಯ ಬೈಂತಾ, ಒರೆಸಿಟ್ಟ ಕೌಂಟರನ್ನು
ನಾನು ಬಂದೊಡನೆ ಮತ್ತೊಮ್ಮೆ ಒರೆಸುತ್ತಾಳೆ.
ಅದರ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಅಕ್ಟೋಬರಿನಲ್ಲಿ ಅಣ್ಣ ಹೊಗ್ನಿ ಕುರಿ ಕಡಿದು
ಸೀಳುಹಲಗೆಯ ಗುಡಿಸಲಲ್ಲಿ ತೂಗುಹಾಕುತ್ತಾನೆ.
ಉಪ್ಪಿಲ್ಲ, ಹೊಗೆಯಿಲ್ಲ. ಬರೀ ಗಾಳಿ.
ಗಾಳಿ ತಂದದ್ದೆಲ್ಲ ಮಾಂಸದ ಮೇಲೆ ಕೂತು,
ಬೂಷ್ಟು ಹಿಡಿದು, ಹುಳಿತು, ಹದವಾಗಿ,
ಕ್ರಿಸ್‌ಮಸ್ಸಿಗೆ ಊರಿಗೆ ಊರೇ ಮೂಗರಳಿಸುತ್ತದೆ.
ನನ್ನ ಪಟ್ಟಿಯಲ್ಲಿ ಅದು ದಪ್ಪಕ್ಷರದಲ್ಲಿದೆ.
ಆದರೂ ಪ್ರತಿ ವರ್ಷ ನನ್ನ ಪಾಲಿನ ತೊಡೆಗೆ
ಕೆಂಪು ದಾರ ಕಟ್ಟಿಬಿಡುತ್ತಾನೆ:
"ತಿನ್ನೋದಿಲ್ಲ ಅಂತ ಗೊತ್ತು. ಲೆಕ್ಕದಿಂದ ಬಿಡೋಕಾಗಲ್ಲ."

ಈ ಸಲ ಅವನ ಮೊಮ್ಮಗಳಿಗೆ ಸೀತಾಳೆ ಸಿಡುಬು.
ಹಬ್ಬಕ್ಕೆ ಬರಬೇಡ ಎಂದ, ಫೋನಿನಲ್ಲಿ, ಎರಡು ಸಲ.
ಸಂಜೆ ಊರ ಸಭಾಂಗಣದಲ್ಲಿ ಕುಣಿತ ಶುರುವಾಯಿತು.
ವಾದ್ಯವಿಲ್ಲ ನಮ್ಮಲ್ಲಿ; ಹಾಡು, ಮತ್ತೆ
ಹಲಗೆ ನೆಲಕ್ಕೆ ಕಾಲು, ಕಾಲು, ಕಾಲು.
ನಾನು ಹೊರಗೆ ಗೋಡೆಗೆ ಬೆನ್ನು ಕೊಟ್ಟು ನಿಂತೆ.
ಸದ್ದು ಬೆನ್ನೆಲುಬಿಗೆ ಸೋಂಕಿತು.

ನೋಡಿದರೆ ಗೋಡೆಯ ಆ ತುದಿಯಲ್ಲಿ ಇನ್ನೊಬ್ಬರು.
ಹೊಗ್ನಿ. ಮನೆಯಲ್ಲಿ ರೋಗವಿದೆಯೆಂದು ಅವನೂ ಒಳಗೆ ಹೋಗಿಲ್ಲ.
ನಡುವೆ ಹತ್ತು ಮಾರು. ಗಾಳಿ ನನ್ನಿಂದ ಅವನ ಕಡೆಗೆ;
ಬೆರಳು ಒದ್ದೆ ಮಾಡಿ ನೋಡಿಕೊಂಡೇ ನಿಂತಿದ್ದ ಪುಣ್ಯಾತ್ಮ.
ಸಾಲಿನಲ್ಲಿ ಹಿಡಿಯುವಂತೆ ಕೈ ಚಾಚಿದ.
ನಾನೂ ಚಾಚಿದೆ.
ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು.
ಹಿಮದಲ್ಲಿ ಅವನ ಬೂಟು ಜಾರಿತು. ಬೈದ.

ಏಳಕ್ಕೆ ನನ್ನ ಗಡಿಯಾರ ಕೂಗಿತು.
ಜೇಬಿನ ಮಾತ್ರೆ, ಬಾಟಲಿಯ ನೀರು.
"ನನ್ನದಕ್ಕೂ ಒಂದು ಗುಟುಕು ಹಾಕು,"
ಆ ತುದಿಯಿಂದ ಕೂಗಿದ.